ಬಸವನಗುಡಿಯಲ್ಲಿ ಮನೆ ಕೊಳ್ಳುವ ಬಗೆ: ಬೀದಿಯಿಂದ ಸಬ್ ರಿಜಿಸ್ಟ್ರಾರ್ ಕಚೇರಿಯವರೆಗೆ

ಬಸವನಗುಡಿಯಲ್ಲಿ ಮನೆ ಹುಡುಕಲು ಹೊರಟಾಗ ನಾನು ಮಾಡಿದ ಮೊದಲ ತಪ್ಪು, ಮನೆ ನೋಡಿದ್ದು. ಹೆಂಚಿನ ಮಾಡು, ಕೆಂಪು ಗಾರೆ ನೆಲ, ಹಿತ್ತಲಲ್ಲೊಂದು ತೆಂಗಿನ ಮರ. ಮನಸ್ಸು ಅಲ್ಲೇ ಕೂತುಬಿಟ್ಟಿತು. ಎರಡನೇ ಸಲ ಹೋದಾಗ ಚೆಕ್ ಬುಕ್ ಜೇಬಲ್ಲೇ ಇತ್ತು. ಮಾರುವವರಿಗೆ ಇಬ್ಬರು ಅಕ್ಕಂದಿರಿದ್ದಾರೆ, ಅವರಿಗೆ ಮಾರಾಟದ ವಿಷಯವೇ ಗೊತ್ತಿಲ್ಲ ಎಂದು ತಿಳಿದದ್ದು ಎದುರು ಮನೆಯ ಅಜ್ಜಿಯಿಂದ. ಬ್ರೋಕರ್ ಹೇಳಿರಲಿಲ್ಲ. ತೋರಿಸಿದ ಕಾಗದದಲ್ಲೂ ಇರಲಿಲ್ಲ.

ಅಲ್ಲಿಂದ ಕ್ರಮ ಬದಲಿಸಿದೆ. ಮೊದಲು ಬೀದಿ, ಆಮೇಲೆ ಮನೆಯವರು, ಆಮೇಲೆ ಕಾಗದ. ಗೋಡೆ, ಟೈಲ್ಸು, ಅಡುಗೆಮನೆ ಎಲ್ಲ ಕೊನೆಗೆ. ಊರಾಚೆಯ ಹೊಸ ಲೇಔಟಿನಲ್ಲಿ ಇಷ್ಟು ಬೇಕಾಗಲಿಕ್ಕಿಲ್ಲ, ಅಲ್ಲಿ ಬೀದಿಯೇ ಇನ್ನೂ ಹುಟ್ಟಿರುವುದಿಲ್ಲ. ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗ್ ಕಾಲದಲ್ಲಿ ಎದ್ದ ಬಡಾವಣೆಗಳು. ಚಾಮರಾಜಪೇಟೆ ಇನ್ನೂ ಹಳೆಯದು, 1892. ಇಲ್ಲಿ ಒಂದು ಸೈಟಿನ ಹಿಂದೆ ನಾಲ್ಕು ತಲೆಮಾರಿನ ಜಗಳ, ಸಾಲ, ಮದುವೆ, ಪಾಲು ಎಲ್ಲ ಇರುತ್ತದೆ. ಕೆಳಗಿನ ಕ್ರಮ ಈ ಮೂರೂ ಕಡೆ ಕೆಲಸಕ್ಕೆ ಬರುತ್ತದೆ.

1. ಬೀದಿಯನ್ನು ನಾಲ್ಕು ಹೊತ್ತು ನೋಡಿ

ಬೆಳಿಗ್ಗೆ ಆರಕ್ಕೆ, ಶಾಲೆ ಬಿಡುವ ಹೊತ್ತಿಗೆ, ಸಂಜೆ ಏಳಕ್ಕೆ, ರಾತ್ರಿ ಹನ್ನೊಂದಕ್ಕೆ. ಒಂದೇ ಬೀದಿ ನಾಲ್ಕು ಥರ ಕಾಣುತ್ತದೆ.

"ಗಾಂಧಿ ಬಜಾರಿಗೆ ಮೂರೇ ನಿಮಿಷ ಸಾರ್" ಎಂದು ಬ್ರೋಕರ್ ಹೇಳುತ್ತಾರೆ. ನಿಜ, ಹೂವು, ಹಣ್ಣು, ಬಾಳೆ ಎಲೆ ಎಲ್ಲ ಕೈಗೆಟಕುತ್ತದೆ. ಗೌರಿ ಹಬ್ಬದ ಹಿಂದಿನ ದಿನ ನಿಮ್ಮ ಕಾರು ಗೇಟು ದಾಟುವುದಿಲ್ಲ ಎನ್ನುವುದೂ ನಿಜ. ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕುತ್ತಿದೆ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಬರುವವರು ಗಾಡಿ ನಿಲ್ಲಿಸುವುದು ಸುತ್ತಲಿನ ಮನೆಗಳ ಮುಂದೆ. ಶುಕ್ರವಾರ ಹೋಟೆಲಿಗೆ ರಜೆ. ಹಾಗಾಗಿ ಆ ಸುತ್ತಿನ ಮನೆಯನ್ನು ಶುಕ್ರವಾರ ತೋರಿಸಿದರೆ, ಭಾನುವಾರ ನೀವೇ ಇನ್ನೊಮ್ಮೆ ಹೋಗಿ ಬನ್ನಿ.

ಬುಲ್ ಟೆಂಪಲ್ ರಸ್ತೆಯ ಹತ್ತಿರ ಎಂದರೆ ಕಡಲೆಕಾಯಿ ಪರಿಷೆ ಲೆಕ್ಕಕ್ಕೆ ಬರುತ್ತದೆ. ಕಾರ್ತೀಕದ ಕೊನೆಯ ಸೋಮವಾರದ ಆಸುಪಾಸಿನಲ್ಲಿ ಗಾಡಿ ಒಳಗೆ ಬರುವುದಿಲ್ಲ, ರಾತ್ರಿಯೆಲ್ಲ ಪೀಪಿ ಸದ್ದು. ನನಗೆ ಇಷ್ಟ. ನನ್ನ ಹೆಂಡತಿಗೆ ಅಷ್ಟೇನೂ ಇಲ್ಲ. ಇಂಥದ್ದನ್ನು ಮುಂಗಡ ಕೊಡುವ ಮುಂಚೆಯೇ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು.

ನೂರು ಮೀಟರ್ ಒಳಗೆ ಕಲ್ಯಾಣ ಮಂಟಪ, ಕೋಚಿಂಗ್ ಸೆಂಟರ್, ಪಿಜಿ ಇದೆಯಾ ನೋಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ ಇದೆ. ಬೆಳಿಗ್ಗೆ ನಾಲ್ಕಕ್ಕೆ ಪಾತ್ರೆ ಇಳಿಸುವ ಅಡುಗೆಯವರ ಟೆಂಪೋಗೆ ಧ್ವನಿವರ್ಧಕ ಬೇಕಿಲ್ಲ.

ಒಂದು ಜೋರು ಮಳೆ ಬಂದ ಮರುಗಳಿಗೆ ತಪ್ಪದೆ ಹೋಗಿ. ಬಸವನಗುಡಿ ಸಮತಟ್ಟು ಜಾಗ ಅಲ್ಲ. ಬ್ಯೂಗಲ್ ರಾಕ್ ಕಡೆ ಎತ್ತರ, ಕೆಂಪಾಂಬುಧಿ ಕೆರೆ ಕಡೆ ಇಳಿಜಾರು. ಇನ್ನೊಂದು ಸಂಗತಿ: ಟಾರಿನ ಮೇಲೆ ಟಾರು ಬಿದ್ದು ಎಷ್ಟೋ ರಸ್ತೆಗಳು ಏರಿವೆ. ಹಳೇ ಮನೆಗಳು ಇದ್ದಲ್ಲೇ ಇವೆ. ಗೇಟಿನಿಂದ ಮನೆಯೊಳಗೆ ಮೆಟ್ಟಿಲು ಹತ್ತಬೇಕಾ, ಇಳಿಯಬೇಕಾ? ಇಳಿಯಬೇಕು ಎಂದಾದರೆ ಮಳೆ ನೀರೂ ಅದೇ ದಾರಿ ಹಿಡಿಯುತ್ತದೆ.

ಮೆಟ್ರೊ ದೂರವನ್ನು ನಕ್ಷೆಯಲ್ಲಿ ಅಳೆಯಬೇಡಿ, ನಡೆದು ನೋಡಿ. ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್ ನಿಲ್ದಾಣಗಳು 2017ರ ಜೂನ್‌ನಲ್ಲಿ ಶುರುವಾದವು. ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನೇ ನಡೆಸಿ ನೋಡಿ. ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ ಎಂದು ಅವರ ಮಂಡಿ ಹೇಳುತ್ತದೆ.

2. ಅಂಗಡಿಯವರ ಹತ್ತಿರ ಕೂತು ಮಾತಾಡಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಹಳೇ ಬಡಾವಣೆಯಲ್ಲಿ ಮಾರಾಟದ ಸುದ್ದಿ ಮೊದಲು ಬರುವುದು ದಿನಸಿ ಅಂಗಡಿಗೆ, ಹಾಲಿನ ಬೂತಿಗೆ, ಇಸ್ತ್ರಿ ಗಾಡಿಗೆ. ವೆಬ್‌ಸೈಟಿಗೆ ಬರುವ ಹೊತ್ತಿಗೆ ಒಳ್ಳೆಯವು ಹೋಗಿರುತ್ತವೆ, ಇಲ್ಲವೇ ಏನೋ ಒಂದು ತೊಡಕು ಇರುತ್ತದೆ. ಇಸ್ತ್ರಿಯವರಿಗೆ ಯಾವ ಮನೆಯಲ್ಲಿ ಎಷ್ಟು ಜನ, ಯಾರು ಅಮೆರಿಕಕ್ಕೆ ಹೋದರು, ಯಾರು ಬರುವುದನ್ನೇ ಬಿಟ್ಟರು, ಎಲ್ಲ ಗೊತ್ತು.

ಒಂದೇ ದಿನದಲ್ಲಿ ಕೇಳಿ ಮುಗಿಸಬೇಡಿ. ನಾನು ಎರಡು ತಿಂಗಳು ಶನಿವಾರ ಒಂದೇ ಅಂಗಡಿಯಲ್ಲಿ ತರಕಾರಿ ಕೊಂಡೆ. ಮೂರನೇ ವಾರಕ್ಕೆ ಅವರೇ ಕೇಳಿದರು, "ಮನೆ ನೋಡ್ತಿದ್ದೀರಾ?" ಆಮೇಲೆ ನಾನು ಕೇಳಿದ್ದು ಇಷ್ಟು: ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತದೆ? ಯಾವ ಮ್ಯಾನ್‌ಹೋಲ್ ಉಕ್ಕುತ್ತದೆ? ಟ್ಯಾಂಕರ್ ಯಾವ ಮನೆಗೆ ಬರುತ್ತದೆ? ಆ ಮನೆ ಎಷ್ಟು ದಿನದಿಂದ ಮಾರಾಟಕ್ಕಿದೆ, ಮುಂಚೆ ಯಾರಾದರೂ ಮುಂಗಡ ಕೊಟ್ಟು ವಾಪಸ್ ತಗೊಂಡರಾ? ಕೊನೆಯ ಪ್ರಶ್ನೆಗೆ "ಹೌದು" ಎಂಬ ಉತ್ತರ ಬಂದರೆ, ಆ ವಾಪಸ್ ಹೋದವರು ವಕೀಲರಿಗೆ ಕೊಟ್ಟ ಫೀಸಿನ ಫಲ ನಿಮಗೆ ಸುಮ್ನೆ ಸಿಕ್ಕಂತೆ.

ಅಂಗಡಿಗಳನ್ನೇ ಒಂದು ಲೆಕ್ಕವಾಗಿಯೂ ನೋಡಿ. ಜಾಗ ಸ್ವಂತದ್ದಾ, ಬಾಡಿಗೆಯಾ? ಮಾಲೀಕರೇ ಗಲ್ಲಾದಲ್ಲಿ ಕೂರುವ, ಇಪ್ಪತ್ತು ವರ್ಷ ದಾಟಿದ ಅಂಗಡಿಗಳು ಸಾಲಾಗಿದ್ದರೆ ಆ ಬೀದಿ ನಾಳೆಗೂ ಹಾಗೇ ಇರುವ ಸಾಧ್ಯತೆ ಜಾಸ್ತಿ. ಬಾಡಿಗೆ ಏರಿ ದಿನಸಿ ಅಂಗಡಿ ಹೋಗಿ ಬಟ್ಟೆ ಶೋರೂಮ್ ಬಂದಿದೆ, ಮನೆಯ ನೆಲ ಅಂತಸ್ತು ಕೆಫೆ ಆಗಿದೆ ಎಂದರೆ ನಿಮ್ಮ ಪಕ್ಕದ ಮನೆಗೂ ಆ ಗತಿ ಬರಬಹುದು. ಹೋಟೆಲಿನ ಚಿಮಣಿ ಯಾವ ಕಡೆ ತಿರುಗಿದೆ ಎನ್ನುವುದು ವಾಸ್ತುಗಿಂತ ಮುಖ್ಯ. ಕೆಲವರು ಬೈಯಬಹುದು, ಬೈಯಲಿ.

3. ಏನು ಕೊಳ್ಳುತ್ತಿದ್ದೀರಿ?

ಇಲ್ಲಿ ಸಿಗುವುದು ಮುಖ್ಯವಾಗಿ ಎರಡು. ಒಂದು, ಹಳೇ ಸ್ವತಂತ್ರ ಮನೆ. ಅಲ್ಲಿ ನೀವು ಕೊಡುವ ದುಡ್ಡೆಲ್ಲ ಜಾಗಕ್ಕೆ, ಮನೆ ಪುಕ್ಕಟೆ ಎಂದುಕೊಳ್ಳಿ. ಎರಡು, ಹಳೇ ಮನೆ ಕೆಡವಿ ಎಬ್ಬಿಸಿದ ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲ್ಯಾಟ್. ನಮ್ಮಂಥವರ ಕೈಗೆ ಎಟಕುವುದು ಹೆಚ್ಚಾಗಿ ಇದೇ.

ಫ್ಲ್ಯಾಟ್ ಎಂದರೆ ಅವಿಭಜಿತ ಪಾಲು ಎಷ್ಟು ಎಂದು ಮೊದಲು ಕೇಳಿ. 40x60 ಸೈಟು 2,400 ಚದರಡಿ. ಅದರಲ್ಲಿ ನಾಲ್ಕು ಸಮ ಫ್ಲ್ಯಾಟ್ ಇದ್ದರೆ ಒಂದಕ್ಕೆ 600 ಚದರಡಿ ನೆಲ ಬರಬೇಕು. ಕಾಗದದಲ್ಲಿ 450 ಇದ್ದರೆ ಮಿಕ್ಕಿದ್ದು ಯಾರ ಹೆಸರಲ್ಲಿದೆ ಎಂದು ಕೇಳಲೇಬೇಕು. ಕಟ್ಟಡ ಹಳತಾಗುತ್ತಾ ಹೋದ ಹಾಗೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಪಾಲೇ.

ಬಿಲ್ಡರುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ರೇರಾ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ. ಜಾಗ 500 ಚದರ ಮೀಟರ್ ಒಳಗಿದ್ದರೆ, ಅಥವಾ ಫ್ಲ್ಯಾಟುಗಳು ಎಂಟು ದಾಟದಿದ್ದರೆ, ರೇರಾ ನೋಂದಣಿ ಕಡ್ಡಾಯವಲ್ಲ. 40x60 ಸೈಟು ಸುಮಾರು 223 ಚದರ ಮೀಟರ್. ಅಂದರೆ ಇಲ್ಲಿನ ಬಹಳಷ್ಟು ಹೊಸ ಕಟ್ಟಡಗಳು ಆ ಕಣ್ಣಿಗೆ ಬೀಳುವುದೇ ಇಲ್ಲ. ಮಂಜೂರಾದ ನಕ್ಷೆ ತರಿಸಿ, ಬೀದಿಯಲ್ಲಿ ನಿಂತು ಅಂತಸ್ತು ಎಣಿಸಿ. ನಕ್ಷೆಯಲ್ಲಿ ಮೂರು, ಕಣ್ಣೆದುರು ನಾಲ್ಕು, ನೀವು ಕೊಳ್ಳುತ್ತಿರುವುದು ನಾಲ್ಕನೆಯದು ಎಂದಾದರೆ ಕಾಫಿ ಕುಡಿದು ಎದ್ದು ಬನ್ನಿ. ಓಸಿ, ಅಂದರೆ ಕಟ್ಟಡ ನಕ್ಷೆಯಂತೆ ಇದೆ, ವಾಸಕ್ಕೆ ಯೋಗ್ಯ ಎನ್ನುವ ಪ್ರಮಾಣಪತ್ರ, ಇದೆಯಾ ಎಂದು ಕೇಳಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಓಸಿ ಮತ್ತು ಕರೆಂಟು, ನೀರಿನ ಸಂಪರ್ಕವನ್ನು ಒಟ್ಟಿಗೆ ಗಂಟುಹಾಕಿ ಆದೇಶ ಕೊಟ್ಟ ಮೇಲೆ "ಆಮೇಲೆ ಮಾಡಿಸಿಕೊಡ್ತೀವಿ" ಎನ್ನುವ ಮಾತಿಗೆ ಬೆಲೆ ಇಲ್ಲ.

4. ಮಾರುವವರು ಯಾರ್ಯಾರು?

"ಮಾಲೀಕರು ಯಾರು" ಎಂದು ಏಕವಚನದಲ್ಲಿ ಕೇಳಬೇಡಿ. ಒಂದು ಹಾಳೆ ತೆಗೆದುಕೊಂಡು ವಂಶವೃಕ್ಷ ಬರೆಯಿರಿ. ಜಾಗ ಮೊದಲು ಕೊಂಡ ಅಜ್ಜನಿಂದ ಶುರುಮಾಡಿ. ತೀರಿಕೊಂಡ ಪ್ರತಿಯೊಬ್ಬರ ಮರಣ ಪ್ರಮಾಣಪತ್ರ, ಬದುಕಿರುವ ಪ್ರತಿಯೊಬ್ಬರ ಸಹಿ ಬೇಕು.

ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ, ಅವರ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. 1956ರಿಂದಲೂ ಹೀಗೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. 2005ರಲ್ಲಿ ತಂದೆ ಬದುಕಿರಬೇಕು ಎಂದೇನೂ ಇಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದ ಮೂಲಕ ಅಥವಾ ಕೋರ್ಟ್ ಡಿಕ್ರಿಯಿಂದ ವಿಭಾಗ ಆಗಿದ್ದರೆ ಕಥೆ ಬೇರೆ.

"ಅಕ್ಕನಿಗೆ ಮದುವೆಯಲ್ಲಿ ಎಲ್ಲ ಕೊಟ್ಟಾಯಿತು ಸಾರ್" ಎನ್ನುವ ಮಾತು ನಿಮಗೆ ಖಂಡಿತ ಕೇಳುತ್ತದೆ. ಕೊಟ್ಟಿರಬಹುದು. ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇದೆಯಾ? ಇಲ್ಲದಿದ್ದರೆ ಅಕ್ಕ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ. ಪಾಲುದಾರರಲ್ಲಿ ಮೈನರ್ ಮಗು ಇದ್ದರೆ ಕೋರ್ಟಿನ ಅನುಮತಿಯ ಪ್ರಶ್ನೆ ಬರುತ್ತದೆ, ಅದನ್ನು ವಕೀಲರಿಗೆ ಮೊದಲೇ ಹೇಳಿ.

ಮಕ್ಕಳು ಹೊರದೇಶದಲ್ಲಿರುವುದು ಇಲ್ಲಿ ಮಾಮೂಲು. ಅವರು ಅಲ್ಲಿಂದ ಕಳಿಸುವ ಪವರ್ ಆಫ್ ಅಟಾರ್ನಿಗೆ ಅಲ್ಲಿನ ಭಾರತೀಯ ಕಾನ್ಸುಲೇಟಿನ ದೃಢೀಕರಣ ನೋಡಿ. ಕಾಗದ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಸಹಿ ಹಾಕಿದವರ ಜೊತೆ ಒಮ್ಮೆ ವೀಡಿಯೊ ಕರೆಯಲ್ಲಿ ಮಾತಾಡಿ. ನಾವು ಮಾತಾಡಿದಾಗ ನ್ಯೂಜೆರ್ಸಿಯಲ್ಲಿದ್ದ ಮಗ, ಹಿತ್ತಲ ಸಂಪಿಗೆ ಮರ ಇನ್ನೂ ಇದೆಯಾ ಎಂದು ಮೊದಲು ಕೇಳಿದ್ದು. ಮರ ಇತ್ತು. ಕಡಿಯುವುದಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು ಎನ್ನುವುದನ್ನೂ ಆಗಲೇ ತಿಳಿದುಕೊಂಡೆ.

ಮನೆಯಲ್ಲಿ ಈಗ ಯಾರಿದ್ದಾರೆ? ಮೂವತ್ತು ವರ್ಷದ ಬಾಡಿಗೆದಾರರು, ಇಲ್ಲವೇ ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಟ್ಟು ಕೂತವರು ಇರಬಹುದು. ಮನೆ ನಿಮ್ಮ ಹೆಸರಿಗೆ ಆದ ಮಾತ್ರಕ್ಕೆ ಅವರು ಎದ್ದು ಹೋಗುವುದಿಲ್ಲ. ಖಾಲಿ ಮನೆಯ ಕೀ ಕೈಗೆ ಬಂದ ಮೇಲೇ ಕೊನೆಯ ಕಂತು ಎಂದು ಬರೆಸಿಕೊಳ್ಳಿ.

5. ಕಾಗದ

ವಕೀಲರನ್ನು ನೀವೇ ಹುಡುಕಿ. ಬ್ರೋಕರ್ ತೋರಿಸಿದವರು ಬೇಡ. ಬ್ಯಾಂಕಿನ ವಕೀಲರು ಬ್ಯಾಂಕಿನ ಸಾಲಕ್ಕೆ ಕಾವಲು, ನಿಮಗಲ್ಲ.

ಮೂಲ ಪತ್ರದಿಂದ ಇವತ್ತಿನವರೆಗೆ ಒಂದು ಕೊಂಡಿಯೂ ತಪ್ಪಬಾರದು. ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಹಳೇ ಬಡಾವಣೆಗೆ ಅದು ಸಾಲದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪುಸ್ತಕ ಹುಡುಕಿಸಿ, ಕನಿಷ್ಠ ಮೂವತ್ತು ವರ್ಷ. ಆ ಅವಧಿಯಲ್ಲಿ ವ್ಯವಹಾರ ಇದ್ದರೆ ಇಸಿ ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ. ಕೋರ್ಟ್ ಕೇಸು, ನೋಂದಣಿಯಾಗದ ಕರಾರು ಇಸಿಯಲ್ಲಿ ಕಾಣುವುದಿಲ್ಲ. ಮಾರುವವರ ಹೆಸರನ್ನು ಇ-ಕೋರ್ಟ್ಸ್ ತಾಣದಲ್ಲಿ ಹಾಕಿ ನೋಡಿ. ಬ್ಯಾಂಕ್ ಅಡಮಾನ ಇದೆಯಾ ಎಂದು ತಿಳಿಯಲು ಸೆರ್ಸಾಯ್ (CERSAI) ಎಂಬ ಕೇಂದ್ರೀಯ ಅಡಮಾನ ದಾಖಲೆಯನ್ನೂ ಹುಡುಕಿಸಿ.

ಖಾತೆ ಎಂದರೆ ಪಾಲಿಕೆಯ ಆಸ್ತಿ ದಾಖಲೆ, ಅದರ ಡಿಜಿಟಲ್ ರೂಪ ಇ-ಖಾತೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಹಳೇ ಮನೆಗಳ ದೊಡ್ಡ ತೊಡಕು ಇದೇ. ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ, ಅಜ್ಜ ಹೋಗಿ ಮೂವತ್ತು ವರ್ಷ ಆಗಿರುತ್ತದೆ. ಖಾತೆ ಬದಲಿಸಿ ಇ-ಖಾತೆ ತರುವುದು ಮಾರುವವರ ಕೆಲಸ. ಅದು ಆಗುವವರೆಗೆ ದೊಡ್ಡ ಮುಂಗಡ ಕೊಡಬೇಡಿ.

ಅಳತೆಯನ್ನು ನೀವೇ ಟೇಪ್ ಹಿಡಿದು ಅಳೆಯಿರಿ. ಈ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳಿದ್ದವು, ಅಂದರೆ ಶೌಚ ಸ್ವಚ್ಛಗೊಳಿಸುವವರು ಓಡಾಡಲು ಬಿಟ್ಟ ಸಾರ್ವಜನಿಕ ಜಾಗ. ಎಷ್ಟೋ ಕಡೆ ಅವು ಯಾರದೋ ಅಡುಗೆಮನೆಯೊಳಗೆ ಸೇರಿಹೋಗಿವೆ. ಕ್ರಯಪತ್ರದಲ್ಲಿ 60 ಅಡಿ, ಟೇಪಿನಲ್ಲಿ 66 ಬಂದರೆ ಖುಷಿಪಡಬೇಡಿ.

ಕೊನೆಗೆ ವಕೀಲರಿಂದ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ. ಮಾರುವವರು ಮುಖ ಸಣ್ಣ ಮಾಡಬಹುದು. ಆ ಮುಖವೂ ಒಂದು ಮಾಹಿತಿ.

6. ಈಗ ಗೋಡೆ ನೋಡಿ

ಹಳೇ ಮನೆಯ ಗೋಡೆಯಲ್ಲಿ ಮಣ್ಣು ಅಥವಾ ಸುಣ್ಣದ ಗಾರೆ, ಮೇಲೆ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ಚಾವಣಿ) ಅಥವಾ ಹೆಂಚು ಇರುತ್ತದೆ. ತೊಲೆಗಳನ್ನು ಚಾಕು ತುದಿಯಿಂದ ಚುಚ್ಚಿ ನೋಡಿ, ಗೆದ್ದಲು ಗೊತ್ತಾಗುತ್ತದೆ. ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುವ ಯೋಚನೆ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಮಾತು ಕೇಳದೆ ಹೆಜ್ಜೆ ಇಡಬೇಡಿ. ವೈರಿಂಗ್, ಒಳಚರಂಡಿ ಪೈಪು ಎರಡನ್ನೂ ಪೂರ್ತಿ ಬದಲಿಸಬೇಕು ಎಂದೇ ಲೆಕ್ಕ ಹಾಕಿ. 60x40 ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹಳೇ ಕಟ್ಟಡಕ್ಕೂ ಮಳೆ ನೀರು ಕೊಯ್ಲು ಕಡ್ಡಾಯ, 2009ರಿಂದ. ಇಲ್ಲದಿದ್ದರೆ ನೀರಿನ ಬಿಲ್ಲಿನಲ್ಲಿ ದಂಡ ಸೇರಿರುತ್ತದೆ, ಹಳೇ ಬಿಲ್ ಕೇಳಿ.

7. ದುಡ್ಡಿನ ಲೆಕ್ಕ

ಒಂದು ಫ್ಲ್ಯಾಟಿಗೆ ಒಂದೂವರೆ ಕೋಟಿ ಎಂದುಕೊಳ್ಳೋಣ. ಮುದ್ರಾಂಕ ಶುಲ್ಕ 5%, ಅಂದರೆ 7.5 ಲಕ್ಷ. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 90,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಯಿತು, ಅದು 3 ಲಕ್ಷ. ಒಟ್ಟು 11.4 ಲಕ್ಷ. ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಮಾರ್ಗಸೂಚಿ ದರದ ಪ್ರಕಾರ ಬೆಲೆ ಇದಕ್ಕಿಂತ ಹೆಚ್ಚು ಬಂದರೆ, ಆ ಹೆಚ್ಚಿನದರ ಮೇಲೆ ಕಟ್ಟಬೇಕು.

75 ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಬೆಲೆಯ 75% ಮಾತ್ರ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ ನಿಯಮ. ಇಲ್ಲಿ 1 ಕೋಟಿ 12.5 ಲಕ್ಷ. ಶುಲ್ಕಗಳು ಆ ಬೆಲೆಯಲ್ಲಿ ಸೇರುವುದಿಲ್ಲ. ಅಂದರೆ ನಿಮ್ಮ ಕೈಯಿಂದ 37.5 ಲಕ್ಷ ಮತ್ತು 11.4 ಲಕ್ಷ, ಸುಮಾರು 49 ಲಕ್ಷ. ವಕೀಲರು, ಬ್ರೋಕರಿನ ಒಂದು ಅಥವಾ ಎರಡು ಪರ್ಸೆಂಟ್, ರಿಪೇರಿ ಬೇರೆ. ಬಹಳ ಹಳೇ ಮನೆಗೆ ಬ್ಯಾಂಕಿನ ಮೌಲ್ಯಮಾಪಕರು ಕಡಿಮೆ ಬೆಲೆ ಕಟ್ಟುವುದೂ ಉಂಟು. ಅದಕ್ಕೇ ಸಾಲದ ಮಾತು ಮುಂಗಡಕ್ಕಿಂತ ಮುಂಚೆ ಮುಗಿಯಬೇಕು.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1% ತೆರಿಗೆ, ಅಂದರೆ ಟಿಡಿಎಸ್, ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ. ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡು ಒಬ್ಬೊಬ್ಬರ ಪಾಲು 50 ಲಕ್ಷದ ಕೆಳಗೆ ಬಂದರೂ ಒಟ್ಟು ಬೆಲೆಯೇ ಲೆಕ್ಕ. ಮಾರುವವರಲ್ಲಿ ಒಬ್ಬರು ಎನ್‌ಆರ್‌ಐ ಆಗಿದ್ದರೆ ಅವರ ಪಾಲಿಗೆ 1% ಸಾಲದು, ದರ ಬಹಳ ಜಾಸ್ತಿ. ಕಡಿಮೆ ಹಿಡಿದರೆ ನೋಟಿಸು ನಿಮಗೇ ಬರುತ್ತದೆ. ಇದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಿ.

"ಅರ್ಧ ಕ್ಯಾಶ್ ಕೊಡಿ" ಎಂದು ಕೇಳುವವರು ಇನ್ನೂ ಇದ್ದಾರೆ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ದಂಡ. ಬೇಡ ಎಂದುಬಿಡಿ.

ಚೌಕಾಸಿಗೆ ಒಳ್ಳೇ ಕಾಲ ಆಷಾಢ. ಯಾರೂ ಕೊಳ್ಳುವುದಿಲ್ಲ, ಮಾರುವವರಿಗೆ ಬೇಜಾರು. ಮಾತು ಆಷಾಢದಲ್ಲಿ ಮುಗಿಸಿ, ಅಗ್ರಿಮೆಂಟ್ ಶ್ರಾವಣದಲ್ಲಿ ಮಾಡಿದರೆ ಮನೆಯ ಹಿರಿಯರಿಗೂ ಸಮಾಧಾನ.

8. ಅಗ್ರಿಮೆಂಟಿನಿಂದ ನೋಂದಣಿಗೆ

ಅಗ್ರಿಮೆಂಟಿನಲ್ಲಿ ಎಲ್ಲ ಪಾಲುದಾರರ ಹೆಸರು, ಸಹಿ ಇರಲಿ. ಇ-ಖಾತೆ ಯಾವ ದಿನದೊಳಗೆ, ಸಾಲ ಸಿಗದಿದ್ದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್, ಮನೆ ಯಾವತ್ತು ಖಾಲಿ ಎಂದು ತಾರೀಕು ಸಮೇತ ಬರೆಸಿ. "ಆದಷ್ಟು ಬೇಗ" ಎಂಬ ಪದ ಕಂಡರೆ ಹೊಡೆದುಹಾಕಿ.

ಆಮೇಲೆ ಕ್ರಯಪತ್ರದ ಕರಡನ್ನು ಕಾವೇರಿ 2.0ನಲ್ಲಿ ಹಾಕುತ್ತೀರಿ. ಸಬ್ ರಿಜಿಸ್ಟ್ರಾರ್ ಪರಿಶೀಲಿಸಿ ಒಪ್ಪಿದ ಮೇಲೆ ಆನ್‌ಲೈನಿನಲ್ಲೇ ಶುಲ್ಕ ಕಟ್ಟಿ, ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಹೆಸರಿನ ಕಾಗುಣಿತ ಆಧಾರ್, ಪ್ಯಾನ್, ಖಾತೆ ಮೂರರಲ್ಲೂ ಒಂದೇ ಇದೆಯಾ ಎಂದು ಆಗಲೇ ನೋಡಿ. ನಮ್ಮ ಮಾರಾಟಗಾರರಲ್ಲಿ ಒಬ್ಬರು ಖಾತೆಯಲ್ಲಿ ಮೂರ್ತಿ, ಆಧಾರ್‌ನಲ್ಲಿ ಮೂರ್ತಿ ರಾವ್. ಅದಕ್ಕೆ ಒಂದು ವಾರ ಹೋಯಿತು. ಆ ದಿನ ಎಂಬತ್ತು ದಾಟಿದವರು ಬರುವುದಿದ್ದರೆ ಬೆಳಗಿನ ಮೊದಲ ಸರದಿ ಹಿಡಿಯಿರಿ, ನೀರು, ಬಿಸ್ಕತ್ತು ಜೊತೆಗಿರಲಿ. ವಯಸ್ಸಾದವರ ಹೆಬ್ಬೆಟ್ಟಿನ ಗುರುತು ಯಂತ್ರಕ್ಕೆ ಬೇಗ ಸಿಗುವುದಿಲ್ಲ.

9. ಕೀ ಸಿಕ್ಕ ಮೇಲೆ

ಖಾತೆ ನಿಮ್ಮ ಹೆಸರಿಗೆ ಮಾಡಿಸಿ. ಬೆಸ್ಕಾಂ ಮೀಟರು, ಜಲಮಂಡಳಿ ಸಂಪರ್ಕ ಎರಡಕ್ಕೂ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಹಳೇ ಬಾಕಿ ಮೀಟರಿನ ಜೊತೆ ನಿಮ್ಮ ತಲೆಗೇ ಬರುತ್ತದೆ, ಆದ್ದರಿಂದ ಅದನ್ನು ಕೊನೆಯ ಕಂತಿನಲ್ಲೇ ಮುರಿದುಕೊಳ್ಳಬೇಕಿತ್ತು. ಆಸ್ತಿ ತೆರಿಗೆ ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ 5% ರಿಯಾಯಿತಿ.

ರಿಪೇರಿ ಕೆಲಸಕ್ಕೆ ಪ್ಲಂಬರ್, ಎಲೆಕ್ಟ್ರಿಷಿಯನ್ ಯಾರೆಂದು ಮತ್ತೆ ಅದೇ ಅಂಗಡಿಯಲ್ಲಿ ಕೇಳಿ. ನಮಗೆ ಸಿಕ್ಕ ಪ್ಲಂಬರ್ ಮನೆಯೊಳಗೆ ಬಂದವರೇ ನೇರ ಹಿತ್ತಲಿಗೆ ಹೋಗಿ, ನೆಲದ ಮೇಲೆ ಚಪ್ಪಲಿ ತುದಿಯಿಂದ ಒಂದು ಗೆರೆ ಎಳೆದು, "ಪೈಪು ಇಲ್ಲಿದೆ, 1994ರಲ್ಲಿ ನಮ್ಮಪ್ಪ ಹಾಕಿದ್ದು" ಎಂದರು.